ರಾತ್ರಿಯ ಟಿವಿ ಮಾತುಕತೆ ಮತ್ತು ರಾಮನಗರ ಸೀಮೆ

ಒಬ್ಬರನ್ನು ಕರೆದು ಕೂರಿಸಿ, ಮಾತನಾಡಿಸಿ, ಆ ಮಾತನ್ನೇ ಕಾರ್ಯಕ್ರಮವಾಗಿಸುವುದು ದೂರದರ್ಶನದಷ್ಟೇ ಹಳೆಯ ಪ್ರಕಾರ. ಸಿನಿಮಾ ತಾರೆ, ಮಂತ್ರಿ, ವೈದ್ಯ, ಹಾಡುಗಾರ ಹೀಗೆ ಅತಿಥಿ ಯಾರೇ ಆಗಿರಲಿ, ಊಟದ ಹೊತ್ತಿಗೆ ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವ ಈ ಮಾತುಕತೆಗೆ ಕರ್ನಾಟಕದಲ್ಲಿ ದೊಡ್ಡ ನೋಡುಗ ವರ್ಗವಿದೆ. ಈ ಕಾರ್ಯಕ್ರಮಗಳು ಬೆಂಗಳೂರಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅವುಗಳ ಕಥೆಯ ದೊಡ್ಡದೊಂದು ಪಾಲು ಬೆಂಗಳೂರಿಗೆ ಅಂಟಿಕೊಂಡಂತಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ನಡೆದಿದೆ. ಕುರ್ಚಿಯಲ್ಲಿ ಕೂರುವ ಅತಿಥಿಗಳನ್ನು ಈ ಸೀಮೆ ಕೊಟ್ಟಿದೆ. ಚರ್ಚೆಗೆ ವಿಷಯವನ್ನೂ ಚಿತ್ರೀಕರಣಕ್ಕೆ ಜಾಗವನ್ನೂ ಕೊಟ್ಟಿದೆ. ಟಿವಿಯಲ್ಲಿ ಜನ ಕಂಡ ಮುಖವೊಂದನ್ನು ಲೋಕಸಭೆಗೂ ಕಳಿಸಿದೆ.

2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಈ ನಾಲ್ಕು ತಾಲ್ಲೂಕುಗಳು ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಆ ಹೆಸರಿನ ಪರ ವಿರೋಧವೂ ಸುದ್ದಿವಾಹಿನಿಗಳ ರಾತ್ರಿ ಚರ್ಚೆಗೆ ಬಂದ ವಿಷಯವೇ.

ಪ್ರಕಾರದ ಹುಟ್ಟು

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1954ರ ಸೆಪ್ಟೆಂಬರ್‌ನಲ್ಲಿ ಸ್ಟೀವ್ ಅಲೆನ್ ನಡೆಸಿಕೊಟ್ಟ 'ದಿ ಟುನೈಟ್ ಶೋ' ರಾತ್ರಿ ಹೊತ್ತಿನ ಮಾತುಕತೆಗೆ ಒಂದು ಮಾದರಿ ಹಾಕಿಕೊಟ್ಟಿತು. ನಿರೂಪಕರಿಗೊಂದು ಮೇಜು, ಅತಿಥಿಗೊಂದು ಕುರ್ಚಿ, ಎದುರಿಗೆ ಪ್ರೇಕ್ಷಕರು. ಜಾನಿ ಕಾರ್ಸನ್ 1962ರಿಂದ 1992ರವರೆಗೆ ಅದೇ ಮೇಜಿನ ಹಿಂದೆ ಕೂತಿದ್ದರು. ಇನ್ನೊಂದು ಕವಲು 1952ರಲ್ಲಿ ಟಿವಿಗೆ ಬಂದ 'ದಿಸ್ ಈಸ್ ಯುವರ್ ಲೈಫ್'. ಅತಿಥಿಯ ಬಾಳಿನ ಹಳೆಯ ಮುಖಗಳನ್ನು ಒಬ್ಬೊಬ್ಬರನ್ನಾಗಿ ತೆರೆಯ ಹಿಂದಿನಿಂದ ಕರೆತರುವುದು ಅದರ ಬಗೆ. ಕನ್ನಡದಲ್ಲಿ ಹೆಚ್ಚು ಬೇರುಬಿಟ್ಟದ್ದು ಈ ಎರಡನೆಯ ಕವಲೇ. ಭಾರತದಲ್ಲಿ 1972ರಿಂದ ಎರಡು ದಶಕ ಕಾಲ ತಬಸ್ಸುಮ್ ದೂರದರ್ಶನದಲ್ಲಿ ನಡೆಸಿಕೊಟ್ಟ 'ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್' ಈ ಪ್ರಕಾರದ ಮೊದಲ ದೊಡ್ಡ ಯಶಸ್ಸು.

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾಯಿತು. ಸಾಹಿತಿಗಳು, ಕೃಷಿ ವಿಜ್ಞಾನಿಗಳು, ಸಂಗೀತಗಾರರ ಸಂದರ್ಶನ ಅದರ ನಿತ್ಯದ ಕೆಲಸವಾಗಿತ್ತು. ಸಮಾಧಾನದ ಮಾತು, ಅಡ್ಡಮಾತಿಲ್ಲದ ಪ್ರಶ್ನೆ, ಅತಿಥಿ ಯೋಚಿಸಿ ಉತ್ತರಿಸುವವರೆಗೆ ಕಾಯುವ ತಾಳ್ಮೆ ಆ ಸಂದರ್ಶನಗಳ ಗುಣ. ದೂರದರ್ಶನದ ಚಂದನ ವಾಹಿನಿ ಆ ಗುಣವನ್ನು ಇಂದಿಗೂ ಬಹುಮಟ್ಟಿಗೆ ಉಳಿಸಿಕೊಂಡಿದೆ. ಡಾ. ನಾ. ಸೋಮೇಶ್ವರ ಅವರು 2002ರ ಜನವರಿಯಿಂದ ಚಂದನದಲ್ಲಿ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಹೆಸರಿಗೆ ರಸಪ್ರಶ್ನೆಯಾದರೂ, ಊರೂರಿನಿಂದ ಬಂದ ಸಾಮಾನ್ಯ ಜನರನ್ನು ಹೆಸರು ಹಿಡಿದು ಮಾತನಾಡಿಸಿ, ಪುಸ್ತಕ ಕೊಟ್ಟು ಕಳಿಸಿದ ಕಾರ್ಯಕ್ರಮ. ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆ ದಾಟಿದ ಆ ಸೌಜನ್ಯವನ್ನು ಖಾಸಗಿ ವಾಹಿನಿಗಳು ಇನ್ನಷ್ಟು ಗಮನಿಸಬೇಕಿತ್ತು.

ಖಾಸಗಿ ವಾಹಿನಿಗಳ ಕಾಲ

1994ರಲ್ಲಿ ಉದಯ ಟಿವಿ, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದವು. ಜೀ ಕನ್ನಡದಲ್ಲಿ ಮಾಳವಿಕಾ ಅವಿನಾಶ್ ನಡೆಸಿಕೊಟ್ಟ 'ಬದುಕು ಜಟಕಾ ಬಂಡಿ' ಮನೆಜಗಳಗಳನ್ನೇ ಮಾತಿನ ಕಾರ್ಯಕ್ರಮವಾಗಿಸಿತು. ಕಲರ್ಸ್ ಕನ್ನಡದಲ್ಲಿ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್' 2015ರಿಂದ ನಗೆಯ ನಡುವೆ ಸಿನಿಮಾದವರನ್ನು ಮಾತನಾಡಿಸಿತು.

ಇದೇ ಕಾಲದಲ್ಲಿ ರಾಮನಗರದ ರಾಜಕಾರಣಕ್ಕೂ ಟಿವಿಗೂ ನೇರ ನಂಟು ಬೆಳೆಯಿತು. ಚುನಾವಣೆಗೆ ಇಳಿಯುವ ಮೊದಲೂ ನಂತರವೂ ಸಿನಿಮಾ ಹಂಚಿಕೆ, ನಿರ್ಮಾಣದಲ್ಲಿದ್ದವರು ಎಚ್.ಡಿ. ಕುಮಾರಸ್ವಾಮಿ; 'ಸೂರ್ಯವಂಶ', 'ಚಂದ್ರ ಚಕೋರಿ' ಅವರ ನಿರ್ಮಾಣದ ಚಿತ್ರಗಳು. 2004ರಲ್ಲಿ ರಾಮನಗರದಿಂದ ಗೆದ್ದು 2006ರಲ್ಲಿ ಮುಖ್ಯಮಂತ್ರಿಯಾದರು. ಮರುವರ್ಷ ಅವರ ಕುಟುಂಬದ ಕಸ್ತೂರಿ ವಾಹಿನಿ ಶುರುವಾಯಿತು. ಸಂದರ್ಶನಕ್ಕೆ ಕೂರುವ ಕುಟುಂಬವೇ ಸಂದರ್ಶನ ಪ್ರಸಾರ ಮಾಡುವ ವಾಹಿನಿಯ ಒಡೆತನ ಹೊಂದುವುದು ದಕ್ಷಿಣ ಭಾರತಕ್ಕೆ ಹೊಸತೇನಲ್ಲ. ತಮಿಳುನಾಡಿನಲ್ಲಿ ಅದು ಮೊದಲೇ ಇತ್ತು. ಆದರೂ ಪ್ರಶ್ನೆ ಕೇಳುವವರ ಸ್ವಾತಂತ್ರ್ಯಕ್ಕೆ ಇದು ಒಳ್ಳೆಯ ಏರ್ಪಾಡಲ್ಲ ಎಂಬುದನ್ನು ನೇರವಾಗಿಯೇ ಹೇಳಬೇಕು. ಮಾಲೀಕರ ಪಕ್ಷ ಯಾವುದೇ ಇದ್ದರೂ ಈ ಮಾತು ಅನ್ವಯಿಸುತ್ತದೆ.

ಕನಕಪುರ, 2004: ಟಿವಿಯ ಮುಖ ಗೆದ್ದ ಚುನಾವಣೆ

ಕನ್ನಡ ಟಿವಿಯ ಚರಿತ್ರೆ ಬರೆಯುವವರು ಕನಕಪುರ ಲೋಕಸಭಾ ಕ್ಷೇತ್ರವನ್ನು ಬಿಟ್ಟು ಬರೆಯಲಾಗದು. 2002ರ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಇಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದ್ದರು. ಎರಡೇ ವರ್ಷದಲ್ಲಿ ಕಾಂಗ್ರೆಸ್ ಅದೇ ಕ್ಷೇತ್ರಕ್ಕೆ ಉದಯ ಟಿವಿಯ ಪತ್ರಕರ್ತೆ ತೇಜಸ್ವಿನಿ ಅವರನ್ನು ಕಣಕ್ಕಿಳಿಸಿತು. ಪಕ್ಷದ ಸಂಘಟನೆಯಲ್ಲಿ ಬೆಳೆದು ಬಂದವರಲ್ಲ ಅವರು. ಟಿವಿ ಇದ್ದ ಮನೆಗಳಿಗೆ ಮಾತ್ರ ಅವರ ಮುಖ, ದನಿ ಚೆನ್ನಾಗಿ ಪರಿಚಿತವಾಗಿತ್ತು. 2004ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಕನಕಪುರದಲ್ಲಿ ತೇಜಸ್ವಿನಿ ಗೆದ್ದು, ದೇವೇಗೌಡರು ಸೋತಿದ್ದರು. ಹಾಸನದಲ್ಲಿ ಗೆದ್ದದ್ದರಿಂದ ಲೋಕಸಭೆಗೆ ಹೋದರು.

ಗೆಲುವಿಗೆ ಟಿವಿಯೊಂದೇ ಕಾರಣ ಎನ್ನುವುದು ತಪ್ಪಾದೀತು. ಶಿವಕುಮಾರ್ ಅವರ ಹಿಡಿತ, ಕಾಂಗ್ರೆಸ್ಸಿನ ಮತ, ಕ್ಷೇತ್ರದೊಳಗಿನ ಅಸಮಾಧಾನ ಎಲ್ಲವೂ ಕೂಡಿ ಬಂದಿದ್ದವು. ಆದರೆ ಕ್ಯಾಮೆರಾ ಮುಂದೆ ಬೇರೆಯವರ ಮಾತು, ಸುದ್ದಿಯನ್ನು ಜನರಿಗೆ ತಲುಪಿಸುತ್ತಿದ್ದ ಹೆಣ್ಣುಮಗಳನ್ನು ಹಳ್ಳಿಯ ಮತದಾರರು ತಮ್ಮ ಪ್ರತಿನಿಧಿಯಾಗಿ ಒಪ್ಪಿಕೊಂಡರು ಎಂಬುದು ಸಣ್ಣ ಸಂಗತಿಯಲ್ಲ. 2009ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಕನಕಪುರ ಲೋಕಸಭಾ ಕ್ಷೇತ್ರದ ಜಾಗಕ್ಕೆ ಬೆಂಗಳೂರು ಗ್ರಾಮಾಂತರ ಬಂತು.

ಕೆಂಪು ಕುರ್ಚಿಯ ಅತಿಥಿಗಳು

ಕನ್ನಡದ ಮಾತಿನ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚು ಗೌರವ ಪಡೆದದ್ದು ಜೀ ಕನ್ನಡದ 'ವೀಕೆಂಡ್ ವಿಥ್ ರಮೇಶ್'. ಪ್ರತಿರಾತ್ರಿಯದಲ್ಲ, ಶನಿವಾರ ಭಾನುವಾರ ರಾತ್ರಿಯದು. ನಟ ರಮೇಶ್ ಅರವಿಂದ್ ನಿರೂಪಕರು. 2014ರ ಆಗಸ್ಟ್‌ನಲ್ಲಿ ಮೊದಲ ಅತಿಥಿಯಾಗಿ ಪುನೀತ್ ರಾಜ್‌ಕುಮಾರ್ ಬಂದರು. 2019ರ ನಾಲ್ಕನೇ ಆವೃತ್ತಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರಿಂದ ಶುರುವಾಗಿ, ಅದೇ ಆವೃತ್ತಿಯಲ್ಲಿ ನಾರಾಯಣ ಮೂರ್ತಿ, ಸುಧಾ ಮೂರ್ತಿ ದಂಪತಿಯೂ ಕೂತರು. 2023ರ ಐದನೆಯದು ರಮ್ಯಾ ಅವರಿಂದ ಆರಂಭವಾಯಿತು.

ಇದರ ಕಟ್ಟುವಿಕೆ ಹೀಗೆ. ಸಾಧಕರ ಕುರ್ಚಿ ಎಂದೇ ಹೆಸರಾದ ಕೆಂಪು ಆಸನದಲ್ಲಿ ಅತಿಥಿಯನ್ನು ಕೂರಿಸುತ್ತಾರೆ. ಹುಟ್ಟಿದ ಊರು, ಓದಿದ ಶಾಲೆಯ ದೃಶ್ಯ ಪರದೆಯ ಮೇಲೆ ಬರುತ್ತದೆ. ಆಮೇಲೆ ಬಾಗಿಲು ತೆರೆದು ಪ್ರಾಥಮಿಕ ಶಾಲೆಯ ಮೇಷ್ಟ್ರೋ, ಹಾಸ್ಟೆಲಿನ ಗೆಳೆಯನೋ, ಬಹಳ ವರ್ಷದಿಂದ ಭೇಟಿಯಾಗದ ನೆಂಟರೋ ಒಳಗೆ ಬರುತ್ತಾರೆ. ಅತಿಥಿ ಎದ್ದು ನಿಂತು ಕಾಲಿಗೆ ನಮಸ್ಕರಿಸುತ್ತಾರೆ, ತಬ್ಬಿಕೊಳ್ಳುತ್ತಾರೆ, ಮಾತು ನಿಂತುಹೋಗುತ್ತದೆ. ರಮೇಶ್ ಅವರ ಜಾಣತನ ಕಾಣುವುದು ಆ ಮೌನದಲ್ಲಿ. ಅದನ್ನು ತುಂಬಲು ಹೋಗದೆ ಅವರು ಕಾಯುತ್ತಾರೆ. ಮಂತ್ರಿಯೂ ತಾರೆಯೂ ಆ ಗಳಿಗೆಯಲ್ಲಿ ಮೇಷ್ಟ್ರ ಮುಂದೆ ನಿಂತ ಹುಡುಗನಾಗಿಬಿಡುತ್ತಾರೆ. ಕಠಿಣ ಪ್ರಶ್ನೆ ಕೇಳುವುದು ಈ ಕಾರ್ಯಕ್ರಮದ ಉದ್ದೇಶವಲ್ಲ, ಕೃತಜ್ಞತೆಯನ್ನು ಬಹಿರಂಗವಾಗಿ ಹೇಳಿಸುವುದು ಅದರ ಉದ್ದೇಶ. ಅದನ್ನು ತಿಳಿದು ನೋಡಿದರೆ ಇದು ಅಪರೂಪದ ಕಾರ್ಯಕ್ರಮ.

ಐದನೇ ಆವೃತ್ತಿಯ ಕೊನೆಯ ಅತಿಥಿ ಕನಕಪುರ ತಾಲ್ಲೂಕಿನ ದೊಡ್ಡಾಲಹಳ್ಳಿಯ ಡಿ.ಕೆ. ಶಿವಕುಮಾರ್. 2023ರ ಮೇ 20ರಂದು ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಅವರು ಮರುತಿಂಗಳೇ ಆ ಕುರ್ಚಿಯಲ್ಲಿದ್ದರು. 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರೆದುರು ಸೋತು, 1989ರಲ್ಲಿ ಅದೇ ಸಾತನೂರಿನಿಂದ ಗೆದ್ದು, 2008ರಿಂದ ಕನಕಪುರವನ್ನು ಹಿಡಿದುಕೊಂಡ ರಾಜಕಾರಣಿ ಅವರು. ಅದೇ ಆವೃತ್ತಿಯಲ್ಲಿ ಅವರಿಗಿಂತ ಮೊದಲೇ ಬಂದು ಕೂತವರು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್. ಹಣವಿಲ್ಲದವರಿಗೂ ಮೊದಲು ಚಿಕಿತ್ಸೆ ಎಂಬ ನಡೆಯಿಂದ ಹೆಸರಾದ ವೈದ್ಯರು, ದೇವೇಗೌಡರ ಅಳಿಯ.

ಮುಂದಿನ ವರ್ಷ ನಡೆದದ್ದು ಎಲ್ಲರಿಗೂ ಗೊತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ ಮಂಜುನಾಥ್ ನಿಂತರು. ಎದುರಿಗೆ ಶಿವಕುಮಾರ್ ಅವರ ತಮ್ಮ ಡಿ.ಕೆ. ಸುರೇಶ್. ಮಂಜುನಾಥ್ 2.69 ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಈ ಕ್ಷೇತ್ರದೊಳಗಿವೆ. ಎರಡು ದಶಕದ ಹಿಂದೆ ಟಿವಿ ಪತ್ರಕರ್ತೆ ಗೆದ್ದ ಸೀಮೆಯಲ್ಲಿ ಈ ಸಲ ಟಿವಿಯ ಅತಿಥಿ ಗೆದ್ದರು. ಜಯದೇವದಲ್ಲಿ ಮಾಡಿದ ಕೆಲಸ ಮತ ತಂದಿತೇ ಹೊರತು ಟಿವಿಯ ಪ್ರಸಾರವಲ್ಲ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತದ ಮನೆಗೂ ಆ ಕೆಲಸದ ಕಥೆಯನ್ನು ಒಯ್ದದ್ದು ಇಂಥ ಕಾರ್ಯಕ್ರಮಗಳು.

ಬಿಡದಿಯ ಮನೆ

ರಾಮನಗರ ತಾಲ್ಲೂಕಿಗೂ ಚಿತ್ರೀಕರಣಕ್ಕೂ ಹಳೆಯ ಸಂಬಂಧ. 1975ರ 'ಶೋಲೆ' ತಯಾರಾದದ್ದು ರಾಮದೇವರ ಬೆಟ್ಟದ ಬುಡದಲ್ಲಿ. ಅದಾದ ಎಷ್ಟೋ ವರ್ಷಗಳ ಮೇಲೆ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ ಕನ್ನಡ ಕಿರುತೆರೆಯ ರಾತ್ರಿ ಮಾತಿಗೆ ಮನೆಯಾಯಿತು.

ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಹುಟ್ಟಿದ 'ಬಿಗ್ ಬ್ರದರ್' ಕನ್ನಡಕ್ಕೆ 'ಬಿಗ್ ಬಾಸ್' ಆಗಿ ಬಂದದ್ದು 2013ರಲ್ಲಿ, ಈಟಿವಿ ಕನ್ನಡದ ಮೂಲಕ. ಮೊದಲೆರಡು ಆವೃತ್ತಿಗಳ ಮನೆ ಮಹಾರಾಷ್ಟ್ರದ ಲೋನಾವಳದಲ್ಲಿತ್ತು. 2015ರ ಮೂರನೇ ಆವೃತ್ತಿಗೆ ಬಿಡದಿಯ ಇನೋವೇಟಿವ್ ಫಿಲ್ಮ್ ಸಿಟಿಯಲ್ಲಿ ಹೊಸ ಮನೆ ಕಟ್ಟಲಾಯಿತು. ಹೀಗೆ ಕನ್ನಡಿಗರು 'ದೊಡ್ಮನೆ' ಎಂದು ಕರೆಯುವ ಜಾಗದ ವಿಳಾಸ ಬಿಡದಿ ಎಂದಾಯಿತು. 2018ರ ಫೆಬ್ರುವರಿಯಲ್ಲಿ ಆ ಮನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಐದನೇ ಆವೃತ್ತಿ ಮುಗಿದು ಮನೆ ಖಾಲಿಯಿದ್ದುದರಿಂದ ದೊಡ್ಡ ಅನಾಹುತ ತಪ್ಪಿತು.

ವಾರದ ದಿನಗಳಲ್ಲಿ ಅಲ್ಲಿ ನಡೆಯುವುದು ಒಳಗಿದ್ದವರ ಪರಸ್ಪರ ಮಾತು: ಅಡುಗೆಮನೆಯ ಪಿಸುಮಾತು, ಗಾರ್ಡನ್ ಏರಿಯಾದ ಜಗಳ, ಕನ್ಫೆಷನ್ ರೂಮಿನ ಅಳು. ಆದರೆ ಮಾತುಕತೆಯ ಕಾರ್ಯಕ್ರಮವಾಗಿ ಇದು ಗಟ್ಟಿಯಾಗುವುದು ಶನಿವಾರ, ಭಾನುವಾರ. 'ವಾರದ ಕಥೆ ಕಿಚ್ಚನ ಜೊತೆ' ಎಂಬ ಸಂಚಿಕೆಯಲ್ಲಿ 'ಕಿಚ್ಚ' ಎಂದೇ ಹೆಸರಾದ ನಟ ಸುದೀಪ್ ವೇದಿಕೆಯ ಮೇಲೆ ನಿಂತು, ಒಳಗೆ ಸೋಫಾದಲ್ಲಿ ಸಾಲಾಗಿ ಕೂತ ಸ್ಪರ್ಧಿಗಳನ್ನು ಪರದೆಯ ಮೂಲಕ ಮಾತನಾಡಿಸುತ್ತಾರೆ. ಜನ ಇದನ್ನು ಕಿಚ್ಚನ ಪಂಚಾಯಿತಿ ಎನ್ನುತ್ತಾರೆ. ಒಬ್ಬರು ಆಡಿದ ಮಾತನ್ನು ನೆನಪಿಸಿ, ಅದನ್ನು ಕೇಳಿಸಿಕೊಂಡ ಇನ್ನೊಬ್ಬರ ಬಾಯಿಂದಲೇ ನಿಜ ಹೊರಡಿಸಿ, ಮೂರನೆಯವರಿಗೆ ಹೌದೋ ಅಲ್ಲವೋ ಹೇಳಿ ಎಂದು ಒತ್ತುವುದು ಅವರ ಕ್ರಮ. ವಾರವಿಡೀ ಚೆನ್ನಾಗಿ ನಡೆದುಕೊಂಡವರಿಗೆ 'ಕಿಚ್ಚನ ಚಪ್ಪಾಳೆ' ಸಿಗುತ್ತದೆ. ದನಿ ಏರಿಸದೆ ಗದರುವುದು ಹೇಗೆ ಎಂಬುದಕ್ಕೆ ಸುದೀಪ್ ಒಳ್ಳೆಯ ಮಾದರಿ. ವಾರದ ಐದು ರಾತ್ರಿ ಕೂಗಾಟವನ್ನೇ ತೋರಿಸಿ ಎರಡು ರಾತ್ರಿ ಬುದ್ಧಿ ಹೇಳುವ ಈ ಏರ್ಪಾಡಿನ ಬಗ್ಗೆ ಮಾತ್ರ ಮಕ್ಕಳಿರುವ ಮನೆಯವರ ಆಕ್ಷೇಪ ನ್ಯಾಯವಾದದ್ದೇ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಹನ್ನೆರಡನೇ ಆವೃತ್ತಿ ಬಿಡದಿಯ ಜಾಲಿವುಡ್ ಸ್ಟುಡಿಯೊದಲ್ಲಿ ಶುರುವಾಯಿತು. ಅಕ್ಟೋಬರ್ 7ರಂದು ಜಿಲ್ಲಾಡಳಿತದ ಅಧಿಕಾರಿಗಳು ಸ್ಟುಡಿಯೊಗೆ ಬೀಗಮುದ್ರೆ ಹಾಕಿದರು. ಕೊಳಚೆ ನೀರಿನ ಸಂಸ್ಕರಣೆ ಸೇರಿದಂತೆ ಪರಿಸರ ನಿಯಮಗಳ ಪಾಲನೆಯಾಗಿಲ್ಲ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೋಟಿಸ್ ಕೊಟ್ಟಿತ್ತು. ಸ್ಪರ್ಧಿಗಳನ್ನು ಹತ್ತಿರದ ಈಗಲ್‌ಟನ್ ರೆಸಾರ್ಟಿಗೆ ಸಾಗಿಸಲಾಯಿತು. ಮರುದಿನ ರಾತ್ರಿ ಉಪಮುಖ್ಯಮಂತ್ರಿ ಶಿವಕುಮಾರ್ ಬೀಗ ತೆಗೆಯುವಂತೆ ಜಿಲ್ಲಾಧಿಕಾರಿಗೆ ಸೂಚಿಸಿದರು, ಸ್ಪರ್ಧಿಗಳು ವಾಪಸಾದರು. ಮನರಂಜನೆಯೂ ಬೇಕು, ಬಿಡದಿಯ ಕೆರೆ ಕಾಲುವೆಯ ನೀರೂ ಶುದ್ಧವಾಗಿರಬೇಕು. ನೋಟಿಸಿನ ಹಂತದಲ್ಲೇ ಸರಿಪಡಿಸಿದ್ದರೆ ಬೀಗದ ಪ್ರಸಂಗವೇ ಬರುತ್ತಿರಲಿಲ್ಲ.

ರಾತ್ರಿ ಒಂಬತ್ತರ ಚರ್ಚೆ

2006ರ ಕೊನೆಗೆ ಟಿವಿ9 ಬಂದ ಮೇಲೆ ಕನ್ನಡದಲ್ಲಿ ಇಪ್ಪತ್ನಾಲ್ಕು ಗಂಟೆಯ ಸುದ್ದಿವಾಹಿನಿಗಳ ಕಾಲ ಶುರುವಾಯಿತು. ಸುವರ್ಣ ನ್ಯೂಸ್, 2012ರಲ್ಲಿ ಎಚ್.ಆರ್. ರಂಗನಾಥ್ ಅವರ ಪಬ್ಲಿಕ್ ಟಿವಿ ಸೇರಿಕೊಂಡವು. ರಂಗನಾಥ್ ಅವರ 'ಬಿಗ್ ಬುಲೆಟಿನ್' ಅತಿಥಿಗಿಂತ ನಿರೂಪಕರ ಮಾತೇ ಮುಖ್ಯವಾದ ರಾತ್ರಿ ಕಾರ್ಯಕ್ರಮ. ಉಳಿದೆಡೆ ಪಕ್ಷಕ್ಕೊಬ್ಬ ವಕ್ತಾರ, ಒಬ್ಬ ರಾಜಕೀಯ ವಿಶ್ಲೇಷಕ, ನಡುವೆ ನಿರೂಪಕ ಎಂಬ ಸಾಲು.

ಈ ಚರ್ಚೆಗಳಿಗೆ ರಾಮನಗರ ಸೀಮೆ ಒದಗಿಸಿದಷ್ಟು ವಿಷಯವನ್ನು ಬೇರೆ ಯಾವ ಸಣ್ಣ ಜಿಲ್ಲೆಯೂ ಒದಗಿಸಿರಲಾರದು. 2017ರ ಆಗಸ್ಟ್‌ನಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಬಿಡದಿಯ ಅದೇ ಈಗಲ್‌ಟನ್ ರೆಸಾರ್ಟಿನಲ್ಲಿ ಇರಿಸಿದ್ದಾಗ ಆದಾಯ ತೆರಿಗೆ ದಾಳಿ ನಡೆಯಿತು, ನೇರ ಪ್ರಸಾರದ ವಾಹನಗಳು ಗೇಟಿನ ಹೊರಗೆ ಸಾಲುಗಟ್ಟಿದವು. 2022ರ ಜನವರಿಯಲ್ಲಿ ಕನಕಪುರ ತಾಲ್ಲೂಕಿನ ಸಂಗಮದಿಂದ ಅಣೆಕಟ್ಟೆಗಾಗಿ ಮೇಕೆದಾಟು ಪಾದಯಾತ್ರೆ ಹೊರಟು, ಕೊರೊನಾ ಕಾರಣಕ್ಕೆ ರಾಮನಗರದಲ್ಲಿ ನಿಂತು, ಫೆಬ್ರುವರಿ ಕೊನೆಗೆ ಅಲ್ಲಿಂದಲೇ ಮುಂದುವರಿಯಿತು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆ: ಸಿನಿಮಾ ನಟರೂ ಆಗಿದ್ದ ಸಿ.ಪಿ. ಯೋಗೇಶ್ವರ್ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದು, ಇನ್ನೊಬ್ಬ ನಟ ನಿಖಿಲ್ ಕುಮಾರಸ್ವಾಮಿಯವರನ್ನು 25,413 ಮತಗಳಿಂದ ಸೋಲಿಸಿದರು. ಚುನಾವಣೆ ಮುಗಿಯುವವರೆಗೂ ಚನ್ನಪಟ್ಟಣದ ಹೆಸರು ಬಾರದ ರಾತ್ರಿ ಚರ್ಚೆ ಇರಲಿಲ್ಲವೆಂದರೂ ನಡೆದೀತು.

ಇಷ್ಟೆಲ್ಲ ಮಾತಿನಲ್ಲಿ ತಿಳಿವಳಿಕೆ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಮೇಕೆದಾಟುವಿನಲ್ಲಿ ಅಣೆಕಟ್ಟೆ ಕಟ್ಟಿದರೆ ಎಷ್ಟು ಕಾಡು ಮುಳುಗುತ್ತದೆ, ಯಾವ ಹಳ್ಳಿಯವರು ಜಾಗ ಬಿಡಬೇಕು, ಕುಡಿಯುವ ನೀರು ಯಾರಿಗೆ ಸಿಗುತ್ತದೆ ಎಂಬುದನ್ನು ಒಬ್ಬ ನೀರಾವರಿ ಎಂಜಿನಿಯರನ್ನೂ ಒಬ್ಬ ಸಂಗಮದ ರೈತನನ್ನೂ ಕೂರಿಸಿಕೊಂಡು ನಿಧಾನವಾಗಿ ಕೇಳಬಹುದು. ನಾಲ್ಕು ವಕ್ತಾರರು ಒಮ್ಮೆಲೇ ಕೂಗಿದಾಗ ಇವು ಯಾವುವೂ ಕಿವಿಗೆ ಬೀಳುವುದಿಲ್ಲ.

ಅತಿಥಿಯ ಆಯ್ಕೆ ಹೇಗೆ

ಕುರ್ಚಿಯಲ್ಲಿ ಯಾರು ಕೂರಬೇಕೆಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ವಾರಕ್ಕೊಮ್ಮೆ, ಗುರುವಾರ ಬರುವ ಬಾರ್ಕ್ ಸಂಸ್ಥೆಯ ವೀಕ್ಷಣೆಯ ಲೆಕ್ಕ. ಟಿಆರ್‌ಪಿ ಎಂದು ಜನ ಕರೆಯುವುದು ಅದನ್ನೇ. ಸಿನಿಮಾದವರು ಚಿತ್ರ ಬಿಡುಗಡೆಯ ಹಿಂದುಮುಂದು ಸುಲಭವಾಗಿ ಸಿಗುತ್ತಾರೆ. ಅವರ ಮುಖ ಗೊತ್ತಿರುವುದರಿಂದ ಜನ ಚಾನೆಲ್ ಬದಲಿಸುವುದಿಲ್ಲ. ಒಳ್ಳೆಯ ಕಾರ್ಯಕ್ರಮದಲ್ಲಿ ಚಿತ್ರೀಕರಣಕ್ಕೆ ಬಹಳ ಮೊದಲೇ ಸಂಶೋಧನೆಯ ತಂಡ ಅತಿಥಿಯ ಊರಿಗೆ ಹೋಗಿ, ಮನೆಯವರನ್ನೂ ಹಳೆಯ ಫೋಟೊಗಳನ್ನೂ ಹುಡುಕುತ್ತದೆ. ನಿರೂಪಕರ ಕೈಯ ಚೀಟಿಯಲ್ಲಿರುವ ಒಂದು ಒಳ್ಳೆಯ ಪ್ರಶ್ನೆಯ ಹಿಂದೆ ಯಾರೋ ಒಬ್ಬ ಯುವ ಬರಹಗಾರನ ದಿನಗಟ್ಟಲೆಯ ಓಡಾಟವಿರುತ್ತದೆ. ಆ ಓಡಾಟಕ್ಕೆ ಹಣ, ಸಮಯ ಕೊಡುವ ವಾಹಿನಿಗಳು ಕಡಿಮೆ.

ಕರೆಯಬೇಕಾದವರು

ಹಾಗೆ ಓಡಾಡುವವರಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅತಿಥಿಗಳ ಕೊರತೆಯಿಲ್ಲ.

ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯ ಪಟ್ಟಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಆಲೆ ಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಉಳಿಯ ಬಾಯಿಗೆ ಸಿಕ್ಕ ಹೊಟ್ಟು ಸುರುಳಿಯಾಗಿ ಮೊಣಕಾಲಿನ ಮೇಲೆ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ತಬ್ಬಿಕೊಳ್ಳುತ್ತದೆ. ಕೊನೆಗೆ ತಾಳೆ ಗರಿ ಹಿಡಿದು ಒತ್ತಿದಾಗ ಹೊಳಪು ಬರುತ್ತದೆ. ಬ್ರಷ್ಷಿಲ್ಲ, ಒಣಗಿಸುವ ಕೆಲಸವಿಲ್ಲ. ಭೌಗೋಳಿಕ ಗುರುತು ಪಡೆದ ಈ ಕಸುಬನ್ನು 2020ರ ಆಗಸ್ಟ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಹೆಸರಿಸಿದರು. ಬೊಂಬೆಯ ಹೆಸರು ದೇಶಕ್ಕೆ ಕೇಳಿಸಿತು. ಅದನ್ನು ಮಾಡುವವರು ಒಂದು ಗಂಟೆ ಕೂತು ತಮ್ಮ ಕಥೆ ಹೇಳುವ ರಾತ್ರಿಯೂ ಬರಬೇಕು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಆಂಧ್ರ, ತಮಿಳುನಾಡಿನಿಂದಲೂ ರೈತರು ಗೂಡು ತರುತ್ತಾರೆ. ಹಿಪ್ಪುನೇರಳೆ ಸೊಪ್ಪು ಹಾಕಿ, ರಾತ್ರಿಯೆಲ್ಲ ಎದ್ದು ಹುಳು ನೋಡಿಕೊಂಡು, ಚಂದ್ರಿಕೆಯಿಂದ ಬಿಡಿಸಿ ತಂದ ಗೂಡಿನ ಬೆಲೆ ಹರಾಜಿನ ಕೆಲವೇ ಕ್ಷಣಗಳಲ್ಲಿ ನಿಗದಿಯಾಗುತ್ತದೆ. ಆ ಕ್ಷಣದಲ್ಲಿ ರೈತನ ಮುಖವೂ ರೀಲರ್ ಮುಖವೂ ಹೇಳುವುದನ್ನು ಕೇಳಿಸಿಕೊಳ್ಳುವ ನಿರೂಪಕರು ಬೇಕು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಗಂಡ ಚಿಕ್ಕಯ್ಯನವರ ಜೊತೆ ಕುದೂರಿನ ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದವರು. 2019ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಯವರ ತಲೆ ಮುಟ್ಟಿ ಹರಸಿದ ಅಜ್ಜಿ 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಇನ್ನು ಅವರ ಕಥೆಯನ್ನು ಅವರ ಬಾಯಿಂದಲೇ ಕೇಳಲಾಗದು.

ಹಿರಿಯರ ದನಿ ಹೀಗೆ ಕಳೆದುಹೋಗುವ ಆತಂಕವನ್ನು ಎಚ್.ಎಲ್. ನಾಗೇಗೌಡರು ಬಹಳ ಮೊದಲೇ ಅರಿತಿದ್ದರು. ಐಎಎಸ್ ಅಧಿಕಾರಿಯಾಗಿದ್ದ ಅವರು ಹಳ್ಳಿ ಹಳ್ಳಿ ತಿರುಗಿ ಹಾಡುಗಾರರ, ಕಥೆಗಾರರ ದನಿ ದಾಖಲಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ರಾಮನಗರ ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಪಕ್ಕದಲ್ಲೇ ಜಾನಪದ ಲೋಕವನ್ನು ನಿಲ್ಲಿಸಿದರು. ಕ್ಯಾಮೆರಾ ತಂಡಗಳು ಬಿಡದಿಗೆ ಬಂದು ಹಿಂತಿರುಗುವ ರಸ್ತೆಯಲ್ಲೇ ಇನ್ನಷ್ಟು ಮುಂದೆ ಹೋದರೆ ಸಿಗುವ ಜಾಗ ಅದು.

ಅತಿಥಿಗಳ ಪಟ್ಟಿ ಸಿದ್ಧಪಡಿಸುವವರು ಮುಂದಿನ ಆವೃತ್ತಿಗೆ ಮೊದಲು ಒಂದು ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ, ಮಧ್ಯಾಹ್ನ ಬೊಂಬೆಯ ಪಟ್ಟಡಿಗೆ ಬರಲಿ. ಈ ಸೀಮೆಯ ಓದುಗರೂ ಸುಮ್ಮನಿರಬಾರದು. ನಿಮ್ಮೂರಿನಲ್ಲಿ ಕೇಳಿಸಿಕೊಳ್ಳಬೇಕಾದ ಹಿರಿಯರಿದ್ದರೆ ಅವರ ಹೆಸರನ್ನು ವಾಹಿನಿಗಳಿಗೆ ಬರೆದು ಕಳಿಸಿ.